ಮಗು ನುಂಗಿದ್ದು ಏನು?

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ಒಂದು ಲೋಹದ ಬಗ್ಗೆ ಮಾತಾಡೋಣ. ಅದರ ಹೆಸರು ಸೀಸ. ಎರಡೇ ಅಕ್ಷರ. ಸೀ, ಸ. ಓದೋಕೆ ಸುಲಭ. ಆದರೆ ಇದು ಮಗುವಿನ ಹೊಟ್ಟೆಗೆ ಹೋದರೆ ಬಹಳ ಕಷ್ಟ. ಆ ಕಷ್ಟ ಏನು, ಅದಕ್ಕೆ ಮದ್ದು ಏನು, ತಾಯಿಯಾದವಳು ಏನು ಮಾಡಬೇಕು, ಇಷ್ಟನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹಿಂದಿನವರು ಪೆನ್ಸಿಲ್ಲಿಗೆ ಸೀಸದ ಕಡ್ಡಿ ಅಂತಿದ್ದರು. ನಮ್ಮಲ್ಲಿ ಕೆಲವರು ಈಗಲೂ ಹಾಗೇ ಅಂತೀವಿ. ಅಕ್ಷರ ಕಲಿಯೋಕೆ ನಾವೆಲ್ಲ ಅದನ್ನೇ ಹಿಡಿದಿದ್ದೇವೆ. ಹಾಗಾದರೆ ಅದರಲ್ಲಿ ಸೀಸ ಇದೆಯಾ? ಇಲ್ಲ. ಹೆಸರು ಮಾತ್ರ ಹಾಗೆ. ಒಳಗೆ ಇರುವ ಕಪ್ಪು ವಸ್ತು ಗ್ರಾಫೈಟ್. ಅದು ಇದ್ದಿಲಿನ ಜಾತಿಗೆ ಸೇರಿದ್ದು. ಅದರಲ್ಲಿ ಸೀಸದ ವಿಷ ಇಲ್ಲ. ಪೆನ್ಸಿಲ್ ಹಿಡಿಯೋಕೆ ಹೆದರಬೇಡಿ. ಬರೆಯೋದನ್ನು ನಿಲ್ಲಿಸಬೇಡಿ.

ನಿಜವಾದ ಸೀಸ ಬೂದು ಬಣ್ಣದ ಲೋಹ. ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಜಾಸ್ತಿ. ಮೆತ್ತಗಿರುತ್ತದೆ. ಉಗುರಿನಿಂದ ಒತ್ತಿ ಗೀಚಿದರೆ ಗೆರೆ ಬೀಳುತ್ತದೆ. ಸ್ವಲ್ಪ ಬೆಂಕಿಗೇ ಕರಗುತ್ತದೆ. ಬೇಕಾದ ಆಕಾರಕ್ಕೆ ಎರಕ ಹೊಯ್ಯೋದು ಸುಲಭ. ಬೆಲೆಯೂ ಕಡಿಮೆ. ಅದಕ್ಕೇ ಇದನ್ನು ನೂರಾರು ಕೆಲಸಕ್ಕೆ ಬಳಸುತ್ತಾರೆ.

ಸೀಸ ನಮ್ಮ ಸುತ್ತ ಎಲ್ಲೆಲ್ಲಿದೆ?

ನಮ್ಮ ಮನೆಯಲ್ಲಿ ಸೀಸ ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಬನ್ನಿ, ಒಂದು ಸುತ್ತು ನೋಡಿಕೊಂಡು ಬರೋಣ.

ಕರಾವಳಿಯ ಮೀನುಗಾರರ ಮನೆಗೆ ಹೋಗೋಣ. ಬಲೆ ನೀರಿನಲ್ಲಿ ಮುಳುಗಬೇಕು. ಅದಕ್ಕೆ ಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಾರೆ. ತುಂಗಭದ್ರೆ, ಕೃಷ್ಣೆ, ಕಾವೇರಿ ದಡದಲ್ಲಿ ಗಾಳ ಹಾಕುವವರೂ ದಾರಕ್ಕೆ ಸೀಸದ ತುಂಡು ಕಟ್ಟುತ್ತಾರೆ.

ಜಾತ್ರೆಗೆ ಹೋಗೋಣ. ಬಲೂನಿಗೆ ಗುರಿ ಇಟ್ಟು ಹೊಡೆಯುವ ಬಂದೂಕಿನ ಆಟ ಇರುತ್ತದೆ. ಆ ಬಂದೂಕಿನ ಪುಟ್ಟ ಗುಂಡುಗಳು ಸಾಮಾನ್ಯವಾಗಿ ಸೀಸದವು. ಆಟ ಮುಗಿದ ಮೇಲೆ ಮಕ್ಕಳು ಅವನ್ನು ಆಯ್ದುಕೊಂಡು ಬರುತ್ತಾರೆ.

ಅಂಗಡಿಗೆ ಹೋಗೋಣ. ಕಬ್ಬಿಣದ ತೂಕದ ಬೊಟ್ಟನ್ನು ಮಗುಚಿ ನೋಡಿ. ಅಡಿಯಲ್ಲಿ ಒಂದು ತೂತು ಇರುತ್ತದೆ. ತೂತಿನಲ್ಲಿ ಸೀಸ ತುಂಬಿ ಅದರ ಮೇಲೆ ಸರ್ಕಾರದ ಮುದ್ರೆ ಒತ್ತಿರುತ್ತಾರೆ. ಹಳೆಯ ಕರೆಂಟ್ ಮೀಟರಿಗೆ ತಂತಿ ಹಾಕಿ ಒತ್ತಿದ ಸೀಲು ಕೂಡ ಸೀಸದ್ದೇ. ರೇಡಿಯೋ ರಿಪೇರಿ ಮಾಡುವವರ ಬೆಸುಗೆ ತಂತಿಯಲ್ಲಿ ಸೀಸ ಬೆರೆತಿರುತ್ತದೆ. ಕಾರಿನ ಚಕ್ರಕ್ಕೆ ಅಂಟಿಸುವ ಪುಟ್ಟ ತೂಕಗಳಲ್ಲೂ ಸೀಸದವು ಇವೆ. ಟ್ರ್ಯಾಕ್ಟರ್, ಲಾರಿ ಬ್ಯಾಟರಿಯ ಒಳಗಂತೂ ಸೀಸದ ತಟ್ಟೆಗಳೇ ತುಂಬಿವೆ.

ಇನ್ನೊಂದು ಇದೆ. ಅಗ್ಗದ ಸರ, ಪದಕ, ಉಂಗುರ, ಕಡಗ. ಮೇಲೆ ಹೊಳಪು, ಒಳಗೆ ಯಾವ ಲೋಹವೋ ಗೊತ್ತಿಲ್ಲ. ಕೆಲವದರಲ್ಲಿ ಸೀಸ ಇರುತ್ತದೆ. ಕಣ್ಣಿಂದ ನೋಡಿ ಹೇಳೋಕೆ ಆಗೋದಿಲ್ಲ.

ಇವೆಲ್ಲ ದೊಡ್ಡವರ ಕೈಯಲ್ಲಿ ಇದ್ದಾಗ ಬರೀ ಸಾಮಾನು. ಅಂಬೆಗಾಲಿಡುವ ಮಗುವಿಗೆ ಅವೇ ಆಟಿಕೆ. ಮಗು ಮೊದಲು ಮಾಡೋದು ಏನು? ಸಿಕ್ಕಿದ್ದನ್ನು ಬಾಯಿಗೆ ಹಾಕೋದು.

"ಬೆಳಿಗ್ಗೆ ಹೋಗುತ್ತೆ ಬಿಡಿ"

ಮಗು ನಾಣ್ಯ ನುಂಗಿತು ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಏನಂತಾರೆ? "ಎರಡು ಬಾಳೆಹಣ್ಣು ತಿನ್ನಿಸು. ಬೆಳಿಗ್ಗೆ ಹೋಗುತ್ತೆ ಬಿಡು" ಅಂತಾರೆ. ಅಜ್ಜಿ ಹೇಳುವ ಈ ಮಾತು ಪೂರ್ತಿ ಸುಳ್ಳಲ್ಲ. ನಾಣ್ಯ ಗಂಟಲು ದಾಟಿ ಹೊಟ್ಟೆಗೆ ಇಳಿದಿದ್ದರೆ ಬಹಳ ಸಲ ಮಲದಲ್ಲಿ ಹೊರಗೆ ಬಂದುಬಿಡುತ್ತದೆ.

ಆದರೆ ಸೀಸದ ಮಾತೇ ಬೇರೆ. ನಮ್ಮ ಹೊಟ್ಟೆಯಲ್ಲಿ ಅನ್ನ ಅರಗಿಸೋಕೆ ಹುಳಿಯಾದ ರಸ ಇದೆ. ಆ ರಸದಲ್ಲಿ ಸೀಸ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಕರಗಿದ್ದು ರಕ್ತಕ್ಕೆ ಸೇರುತ್ತದೆ. ಗುಂಡು ಹೊಟ್ಟೆಯಲ್ಲಿ ಇದ್ದಷ್ಟು ಹೊತ್ತೂ ವಿಷ ಒಳಗೆ ಇಳಿಯುತ್ತಲೇ ಇರುತ್ತದೆ. ಅದಕ್ಕೇ "ಬೆಳಿಗ್ಗೆ ನೋಡೋಣ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಹೆಚ್ಚು. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ದೊಡ್ಡವರ ದೇಹ ಹೀರುವುದಕ್ಕಿಂತ ಪುಟ್ಟ ಮಕ್ಕಳ ದೇಹ 4-5 ಪಟ್ಟು ಹೆಚ್ಚು ಹೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಹೇಳುತ್ತದೆ. ಮಗುವಿಗೆ ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು ಹೀರುತ್ತದೆ.

ರಕ್ತ ಸೇರಿದ ಸೀಸ ಏನು ಮಾಡುತ್ತದೆ? ಹೊಸ ರಕ್ತ ಆಗೋದನ್ನು ತಡೆಯುತ್ತದೆ. ಮಗು ಬಿಳಿಚಿಕೊಳ್ಳುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಎಲ್ಲಕ್ಕಿಂತ ಹೆಚ್ಚು ಪೆಟ್ಟು ಮಿದುಳಿಗೆ. ಸ್ವಲ್ಪ ಸ್ವಲ್ಪವಾಗಿ ಬಹಳ ದಿನ ಸೇರಿದರೆ ಮಗು ಕಲಿಯೋದರಲ್ಲಿ ಹಿಂದೆ ಬೀಳುತ್ತದೆ. ಒಮ್ಮೆಗೇ ಬಹಳ ಸೇರಿದರೆ ಮಿದುಳು ಊದಿಕೊಳ್ಳುತ್ತದೆ. ಫಿಟ್ಸ್ ಬರುತ್ತದೆ. ಜೀವವೇ ಹೋಗಬಹುದು.

ಎರಡು ಮಕ್ಕಳ ಕಥೆ

ಈಗ ಎರಡು ನಿಜವಾದ ಘಟನೆ ಹೇಳುತ್ತೇವೆ. ಎರಡೂ ಅಮೆರಿಕ ದೇಶದಲ್ಲಿ ನಡೆದವು. ಅಷ್ಟು ದೂರದ ಕಥೆ ನಮಗೇಕೆ ಅಂದುಕೊಳ್ಳಬೇಡಿ. ಅಲ್ಲಿನ ವೈದ್ಯರು ಈ ಮಕ್ಕಳಿಗೆ ಆದದ್ದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಬರೆದಿಟ್ಟಿದ್ದರಿಂದ ನಾವು ಕಲಿಯಬಹುದು. ಮಕ್ಕಳ ಹೊಟ್ಟೆ ಎಲ್ಲ ಊರಲ್ಲೂ ಒಂದೇ.

ಮೊದಲನೇ ಘಟನೆ 2003ರದ್ದು. ಒರೆಗಾನ್ ಎಂಬ ರಾಜ್ಯ. 4 ವರ್ಷದ ಹುಡುಗ. ಹೊಟ್ಟೆ ನುಲಿದು ನೋವು, ವಾಂತಿ, ಭೇದಿ. ಜ್ವರ ಇರಲಿಲ್ಲ. ಮೊದಲು ತೋರಿಸಿದಾಗ ಇದು ಹೊಟ್ಟೆಗೆ ಬಂದ ವೈರಸ್ ಸೋಂಕು ಇರಬೇಕು ಅಂದರು. ಆದರೆ ಹುಡುಗ ಸುಧಾರಿಸಲಿಲ್ಲ. ಮತ್ತೆ ತೋರಿಸಿದರು. ರಕ್ತ ಕಡಿಮೆ ಆಗಿತ್ತು. ಎಕ್ಸ್‌-ರೇ ತೆಗೆದರು. ಹೊಟ್ಟೆಯಲ್ಲಿ ಏನೋ ಲೋಹದ ವಸ್ತು ಕಾಣಿಸಿತು. ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ ಅದನ್ನು ಹೊರಗೆ ತೆಗೆದರು. ಒಂದು ನಾಣ್ಯ, ಜೊತೆಗೆ ಒಂದು ಪದಕ. ಆ ಪದಕ ಒಂದು ಆಟದ ಸರದ್ದು. ಕಾಸು ಹಾಕಿದರೆ ಆಟಿಕೆ ಬೀಳುವ ಪೆಟ್ಟಿಗೆ ಅಲ್ಲಿ ಅಂಗಡಿಗಳಲ್ಲಿ ಇರುತ್ತದೆ. ಅದರಲ್ಲಿ ಸಿಕ್ಕಿದ್ದ ಸರ. ಪದಕವನ್ನು ಪರೀಕ್ಷೆ ಮಾಡಿದರು. 100ರಲ್ಲಿ 38.8 ಪಾಲು ಸೀಸ! ಹುಡುಗನ ರಕ್ತದಲ್ಲಿ ಸೀಸದ ಅಳತೆ 123 ಇತ್ತು. ಮದ್ದು ಕೊಟ್ಟರು. ಹುಡುಗ ಬದುಕಿದ.

ಮರುವರ್ಷ, 2004ರ ಜುಲೈ ತಿಂಗಳಲ್ಲಿ, ಅಮೆರಿಕದಲ್ಲಿ ಅಂಥ ಪೆಟ್ಟಿಗೆಗಳಲ್ಲಿ ಮಾರುತ್ತಿದ್ದ 15 ಕೋಟಿ ಆಟದ ಒಡವೆಗಳನ್ನು ವಾಪಸ್ ಪಡೆಯಬೇಕು ಅಂತ ಘೋಷಿಸಿದರು. ಒಂದು ಮಗುವಿನ ಹೊಟ್ಟೆನೋವಿನ ಕಾರಣ ಹುಡುಕಿದ್ದರಿಂದ ಇಷ್ಟು ಹೊರಗೆ ಬಂತು.

ಎರಡನೇ ಘಟನೆ 2006ರ ಫೆಬ್ರವರಿ ತಿಂಗಳದ್ದು. ಮಿನಿಯಾಪೊಲಿಸ್ ಎಂಬ ಊರು. ಇವನೂ 4 ವರ್ಷದ ಹುಡುಗ. ವಾಂತಿ ಅಂತ ಆಸ್ಪತ್ರೆಗೆ ಕರೆದುಕೊಂಡು ಬಂದರು. ಇಲ್ಲೂ ಹೊಟ್ಟೆಯ ಸೋಂಕು ಇರಬೇಕು ಅಂತ ಮನೆಗೆ ಕಳಿಸಿದರು. ಎರಡು ದಿನ ಆಯಿತು. ವಾಂತಿ ನಿಲ್ಲಲಿಲ್ಲ. ಹುಡುಗ ಸುಸ್ತಾಗಿ ಮಂಕಾದ. ಮತ್ತೆ ಆಸ್ಪತ್ರೆಗೆ ತಂದರು. ಸೇರಿಸಿಕೊಂಡರು. ಕೆಲವು ಗಂಟೆ ಕಳೆದ ಮೇಲೆ ಹುಡುಗ ರೊಚ್ಚಿಗೆದ್ದು ಒದ್ದಾಡತೊಡಗಿದ. ಉಸಿರು ನಿಂತಿತು. ಯಂತ್ರದಲ್ಲಿ ತಲೆಯ ಚಿತ್ರ ತೆಗೆದಾಗ ಮಿದುಳು ಊದಿಕೊಂಡಿತ್ತು. ಹೊಟ್ಟೆಯ ಎಕ್ಸ್‌-ರೇಯಲ್ಲಿ ಹೃದಯದ ಆಕಾರದ ಒಂದು ವಸ್ತು ಕಂಡಿತು. ರಕ್ತ ಪರೀಕ್ಷೆ ಮಾಡಿದರು. ಸೀಸದ ಅಳತೆ 180. ಅಷ್ಟು ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆ ಸೇರಿದ ನಾಲ್ಕನೇ ದಿನ ಹುಡುಗ ತೀರಿಕೊಂಡ.

ಆ ಪುಟ್ಟ ಹೃದಯ ಏನು ಗೊತ್ತಾ? ಬೂಟು ಕೊಂಡವರಿಗೆ ಉಚಿತವಾಗಿ ಕೊಟ್ಟಿದ್ದ ಕೈಸರಪಳಿಯಲ್ಲಿ ತೂಗುವ ಪದಕ. ಅದು ಇವರ ಮನೆಯದ್ದೂ ಅಲ್ಲ. ಬೇರೆ ಮಗುವಿನದ್ದು. ಅವರ ಮನೆಗೆ ಹೋಗಿದ್ದಾಗ ಹುಡುಗ ಅದನ್ನು ನುಂಗಿದ್ದ. ತಾಯಿಗೆ ಗೊತ್ತೇ ಆಗಿರಲಿಲ್ಲ. ಪದಕ ತೋರಿಸಿದ ಮೇಲೆ ಆಕೆ ಗುರುತು ಹಿಡಿದಳು. ಪರೀಕ್ಷೆ ಮಾಡಿದಾಗ ಅದು 100ರಲ್ಲಿ 99.1 ಪಾಲು ಸೀಸ. ಆಮೇಲೆ ಅಂಥ ಸುಮಾರು 3 ಲಕ್ಷ ಸರಪಳಿಗಳನ್ನು ವಾಪಸ್ ಕರೆಸಿದರು.

ಎರಡು ಹುಡುಗರಿಗೂ ಒಂದೇ ವಯಸ್ಸು. ಒಂದೇ ತರಹ ವಾಂತಿ, ಹೊಟ್ಟೆನೋವು. ಇಬ್ಬರಿಗೂ ಮೊದಲು ಒಂದೇ ಮಾತು ಹೇಳಿದರು. ಒಬ್ಬನ ಹೊಟ್ಟೆಯಲ್ಲಿ ಇರುವುದು ಸಮಯಕ್ಕೆ ಕಂಡಿತು. ಇನ್ನೊಬ್ಬನದು ತಡವಾಗಿ ಕಂಡಿತು. ವೈದ್ಯರನ್ನು ಬಯ್ಯೋದು ಸುಲಭ. ಆದರೆ ವಾಂತಿ ಅಂತ ದಿನಕ್ಕೆ ಹತ್ತಾರು ಮಕ್ಕಳು ಬರುತ್ತಾರೆ. ಎಲ್ಲರಿಗೂ ಎಕ್ಸ್‌-ರೇ ತೆಗೆಯೋದಿಲ್ಲ. ಮಗು ಏನನ್ನೋ ನುಂಗಿರಬಹುದು ಅನ್ನೋ ಸುಳಿವು ಮನೆಯಿಂದಲೇ ಬರಬೇಕು. ಆ ಸುಳಿವು ಕೊಡಬೇಕಾದವರು ನಾವು.

ಯಾವ ಲಕ್ಷಣ ಕಂಡರೆ ಅನುಮಾನ ಪಡಬೇಕು?

ನುಂಗುವುದನ್ನು ಕಣ್ಣಾರೆ ನೋಡಿದರೆ ಅನುಮಾನದ ಮಾತೇ ಇಲ್ಲ. ನೋಡದೆ ಇದ್ದಾಗ ಇವನ್ನು ಗಮನಿಸಿ:

ಜ್ವರ ಇಲ್ಲ, ಆದರೂ ವಾಂತಿ ನಿಲ್ಲುವುದಿಲ್ಲ.
ಹೊಟ್ಟೆ ಹಿಡಿದುಕೊಂಡು ಅಳುತ್ತದೆ. ಮಲ ಕಟ್ಟುತ್ತದೆ.
ಊಟ ಸೇರುವುದಿಲ್ಲ. ನಿದ್ದೆ ಬರುವುದಿಲ್ಲ.
ಚೆನ್ನಾಗಿ ಆಡುತ್ತಿದ್ದ ಮಗು ಸುಮ್ಮಸುಮ್ಮನೆ ರೇಗುತ್ತದೆ. ಇಲ್ಲವೆ ಮಂಕಾಗಿ ಕೂರುತ್ತದೆ.
ಮುಖ, ಉಗುರು ಬಿಳಿಚಿಕೊಳ್ಳುತ್ತವೆ.

ಈ ಲಕ್ಷಣಗಳು ಬೇರೆ ಕಾಯಿಲೆಯಲ್ಲೂ ಬರುತ್ತವೆ. ಆದ್ದರಿಂದ ನಾವೇ ತೀರ್ಮಾನ ಮಾಡೋದು ಬೇಡ. ಆದರೆ ವೈದ್ಯರಿಗೆ ಒಂದು ಮಾತು ಹೇಳೋಣ: "ಡಾಕ್ಟ್ರೇ, ಈ ಮಗುವಿಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಅಭ್ಯಾಸ ಇದೆ. ಏನಾದರೂ ನುಂಗಿದೆಯಾ ನೋಡಿ."

ಮಗು ತೂಗಾಡುತ್ತಿದ್ದರೆ, ಎಬ್ಬಿಸಿದರೂ ಎಚ್ಚರ ಆಗದೆ ಇದ್ದರೆ, ಫಿಟ್ಸ್ ಬಂದರೆ ಒಂದು ನಿಮಿಷವೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನುಂಗಿದ ಕೂಡಲೇ ಏನು ಮಾಡಬೇಕು? ಏನು ಮಾಡಬಾರದು?

ಮೊದಲು ಉಸಿರು ನೋಡಿ. ಮಗು ಉಸಿರಾಡುತ್ತಿದೆಯಾ? ಅಳುತ್ತಿದೆಯಾ? ಮಾತಾಡುತ್ತಿದೆಯಾ? ಹಾಗಿದ್ದರೆ ಗಾಳಿಯ ದಾರಿ ಕಟ್ಟಿಲ್ಲ. ಸದ್ದೇ ಹೊರಡದೆ, ಉಸಿರು ಸಿಗದೆ ಒದ್ದಾಡುತ್ತಿದ್ದರೆ ತಲೆ ತಗ್ಗಿಸಿ ಹಿಡಿದು, ಎರಡು ಹೆಗಲ ನಡುವೆ ಬೆನ್ನಿಗೆ ಅಂಗೈಯಿಂದ ಐದು ಸಲ ಗುದ್ದಿ. ಒಬ್ಬರು ಇದನ್ನು ಮಾಡುತ್ತಿರುವಾಗಲೇ ಇನ್ನೊಬ್ಬರು 108 ಕರೆಯಲಿ.

ಉಸಿರು ಸರಿ ಇದ್ದರೆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಡಿ. ಎಕ್ಸ್‌-ರೇ ಇರುವ ಆಸ್ಪತ್ರೆ ಆದರೆ ಒಳ್ಳೆಯದು.

ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ. ಹೊರಗೆ ಬರುವಾಗ ವಸ್ತು ಗಾಳಿಯ ದಾರಿಗೆ ಸಿಕ್ಕಿಕೊಳ್ಳಬಹುದು.

ಹರಳೆಣ್ಣೆ ಕುಡಿಸಬೇಡಿ. ಬಾಳೆಹಣ್ಣು, ಅನ್ನ ತಿನ್ನಿಸಬೇಡಿ. ಯಾಕೆ? ಕೊಳವೆ ಇಳಿಸಿ ತೆಗೆಯಬೇಕಾದರೆ ಮಗುವಿಗೆ ಮತ್ತಿನ ಮದ್ದು ಕೊಡಬೇಕಾಗುತ್ತದೆ. ಆಗ ಹೊಟ್ಟೆ ಖಾಲಿ ಇರಬೇಕು. ತಿನ್ನಿಸಿಬಿಟ್ಟರೆ ವೈದ್ಯರು ಕಾಯಬೇಕಾಗುತ್ತದೆ.

ವಿಷ ಇಳಿಸುವ ಭಸ್ಮ ಅಂತ ಯಾರಾದರೂ ಕೊಟ್ಟರೆ ಮಗುವಿನ ಬಾಯಿಗೆ ಹಾಕಬೇಡಿ. ನಾಗಭಸ್ಮ ಅನ್ನೋದನ್ನು ಸೀಸದಿಂದಲೇ ಮಾಡುತ್ತಾರೆ.

ಇನ್ನೊಂದು ಮಾತು. ಗಡಿಯಾರ, ರಿಮೋಟ್, ದೀಪದ ಆಟಿಕೆಗಳಲ್ಲಿ ಅಂಗಿಗುಂಡಿಯಂಥ ದುಂಡನೆಯ ಬ್ಯಾಟರಿ ಇರುತ್ತದೆ. ಅದು ಸೀಸವಲ್ಲ. ಆದರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟು ಗಾಯ ಮಾಡುತ್ತದೆ. ಎರಡು ಅಯಸ್ಕಾಂತ ನುಂಗಿದರೆ ಅವು ಕರುಳನ್ನು ನಡುವೆ ಹಿಡಿದು ತೂತು ಮಾಡಬಹುದು. ಇವಕ್ಕೂ ತಕ್ಷಣ ಓಡಬೇಕು.

ಒಂದು ಚೀಟಿ ಬರೆಯಿರಿ

ಎಕ್ಸ್‌-ರೇಯಲ್ಲಿ ಲೋಹ ಬೆಳ್ಳಗೆ ಕಾಣುತ್ತದೆ. ನಾಣ್ಯವೂ ಬಿಳಿ, ಸೀಸವೂ ಬಿಳಿ. ಇದು ಯಾವ ಲೋಹ ಅಂತ ಎಕ್ಸ್‌-ರೇ ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಮನೆಯವರು. ಆ ವಸ್ತುವಿನ ಜೋಡಿ ಮನೆಯಲ್ಲಿ ಇದ್ದರೆ ತೆಗೆದುಕೊಂಡು ಹೋಗಿ. ಬಲೆಯ ಇನ್ನೊಂದು ಗುಂಡು, ಸರದ ಉಳಿದ ಭಾಗ, ಬಂದೂಕಿನ ಗುಂಡಿನ ಡಬ್ಬಿ, ಏನಿದೆಯೋ ಅದು.

ಗಾಬರಿಯಲ್ಲಿ ಮಾತು ಮರೆತುಹೋಗುತ್ತದೆ. ಆಸ್ಪತ್ರೆಯಲ್ಲಿ ಒಬ್ಬರ ಮೇಲೆ ಒಬ್ಬರು ಕೇಳುತ್ತಾರೆ. ನಮಗೆ ಈಗ ಬರೆಯೋಕೆ ಬರುತ್ತದಲ್ಲ? ಒಂದು ಚೀಟಿ ಬರೆದುಕೊಂಡು ಹೋಗೋಣ. ಹೀಗೆ:

ಮಗುವಿನ ವಯಸ್ಸು: 3 ವರ್ಷ
ನುಂಗಿದ್ದು: ಬಲೆಯ ಸೀಸದ ಗುಂಡು
ಎಷ್ಟು: 1
ಯಾವಾಗ: ಇವತ್ತು ಬೆಳಿಗ್ಗೆ 10 ಗಂಟೆ
ವಾಂತಿ: 2 ಸಲ
ಕೊನೆಗೆ ಊಟ ಮಾಡಿದ್ದು: 8 ಗಂಟೆ

ಆರೇ ಸಾಲು. ಎರಡು ನಿಮಿಷದ ಕೆಲಸ. ದಾರಿಯಲ್ಲೇ ಬರೆಯಬಹುದು. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಓದಿದವರಿಗೆ ಅರ್ಥ ಆದರೆ ಸಾಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಚಿಕಿತ್ಸೆಗೆ ಎರಡು ಹೆಜ್ಜೆ. ಮೊದಲ ಹೆಜ್ಜೆ, ಹೊಟ್ಟೆಯೊಳಗಿನ ಸೀಸವನ್ನು ಹೊರಗೆ ತೆಗೆಯೋದು. ಎರಡನೇ ಹೆಜ್ಜೆ, ರಕ್ತಕ್ಕೆ ಸೇರಿದ ಸೀಸವನ್ನು ಹೊರಗೆ ಹಾಕೋದು.

ವಸ್ತು ಜಠರದಲ್ಲಿ ಇದ್ದರೆ ಮತ್ತು ಕೊಟ್ಟು, ಬಾಯಿಂದ ದೀಪ ಇರುವ ಕೊಳವೆ ಇಳಿಸಿ ಹಿಡಿದು ತೆಗೆಯುತ್ತಾರೆ. ಇದಕ್ಕೆ ಎಂಡೋಸ್ಕೋಪಿ ಅನ್ನುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ. ಸಣ್ಣ ಸಣ್ಣ ಚೂರುಗಳು ಕರುಳಿಗೆ ಇಳಿದಿದ್ದರೆ ಒಂದು ತರಹದ ಮದ್ದಿನ ನೀರನ್ನು ಬಾಯಿಂದಲೋ ಮೂಗಿನ ಕೊಳವೆಯಿಂದಲೋ ಹಾಕುತ್ತಾರೆ. ಅದು ಕರುಳನ್ನು ತೊಳೆದು ಚೂರುಗಳನ್ನು ಮಲದಲ್ಲಿ ಕಳಿಸುತ್ತದೆ. ಎಲ್ಲ ಹೋಯಿತೋ ಇಲ್ಲವೋ ಅಂತ ಮತ್ತೆ ಎಕ್ಸ್‌-ರೇ ತೆಗೆದು ನೋಡುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ.

ಜೊತೆಗೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡುತ್ತಾರೆ. ಈ ಪರೀಕ್ಷೆ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ. ರಕ್ತವನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕಾಗಬಹುದು. "ಡಾಕ್ಟ್ರೇ, ರಕ್ತದಲ್ಲಿ ಸೀಸ ಎಷ್ಟಿದೆ ನೋಡಬೇಕಾ?" ಅಂತ ನಾವೇ ಕೇಳಬಹುದು. ಕೇಳೋದು ತಪ್ಪಲ್ಲ.

ಈ ಅಳತೆಯನ್ನು ಹೇಗೆ ಓದಬೇಕು? ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿ. ಒಂದು ಪಾಲಿಗೆ ಒಂದು ಮೈಕ್ರೋಗ್ರಾಂ ಅನ್ನುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ, ಅಂದರೆ ಸಣ್ಣ ಟೀ ಲೋಟದಷ್ಟು ರಕ್ತದಲ್ಲಿ, ಇಂಥ ಎಷ್ಟು ಪಾಲು ಸೀಸ ಇದೆ ಅಂತ ಲೆಕ್ಕ. ಇಷ್ಟು ಸೀಸ ಇದ್ದರೆ ತೊಂದರೆ ಇಲ್ಲ ಅನ್ನುವ ಅಳತೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೀಗೆ ಹೇಳಿದೆ: 5 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೀಸ ಎಲ್ಲಿಂದ ಬಂತು ಅಂತ ಹುಡುಕಬೇಕು. ಮಕ್ಕಳಲ್ಲಿ 45 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸೀಸ ತೆಗೆಯುವ ಮದ್ದು ಕೊಡಬೇಕು. ಈಗ ಆ ಹುಡುಗರ ಅಳತೆ ನೆನಪು ಮಾಡಿಕೊಳ್ಳಿ. ಒಬ್ಬನದು 123. ಇನ್ನೊಬ್ಬನದು 180.

ಏಡಿಯ ಕೊಂಡಿಯಂಥ ಮದ್ದು

ರಕ್ತದಿಂದ ಸೀಸ ತೆಗೆಯುವ ಚಿಕಿತ್ಸೆಗೆ ಕೀಲೇಷನ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿಗೆ ಇರುವ ಮಾತಿನಿಂದ ಈ ಹೆಸರು ಬಂತು. ಗದ್ದೆಯಲ್ಲಿ, ಹೊಳೆಯಲ್ಲಿ ಏಡಿಯನ್ನು ನೋಡಿದ್ದೇವೆ. ಕೊಂಡಿಯಲ್ಲಿ ಹಿಡಿದರೆ ಬಿಡುವುದಿಲ್ಲ. ಈ ಮದ್ದೂ ಹಾಗೇ. ರಕ್ತದಲ್ಲಿರುವ ಸೀಸವನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡು ಮೂತ್ರದ ಜೊತೆ ಹೊರಗೆ ಹೋಗುತ್ತದೆ.

ಬಾಯಿಯಿಂದ ಕೊಡುವ ಮದ್ದು ಸಕ್ಸಿಮರ್. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮದ್ದು ಕೆಟ್ಟಿದೆ ಅಂತ ಎಸೆಯಬೇಡಿ. ಅದರ ವಾಸನೆಯೇ ಹಾಗೆ. ಸಾಮಾನ್ಯವಾಗಿ ಒಂದು ಸುತ್ತು 19 ದಿನ ಕೊಡುತ್ತಾರೆ. ಮೊದಲ 5 ದಿನ ದಿನಕ್ಕೆ ಮೂರು ಸಲ. ಆಮೇಲೆ 14 ದಿನ ದಿನಕ್ಕೆ ಎರಡು ಸಲ. ಮಗು ಚೆನ್ನಾಗಿದೆ ಅಂತ ನಡುವೆ ನಿಲ್ಲಿಸಬಾರದು.

ವಿಷ ಬಹಳ ಏರಿದ್ದರೆ, ಮಿದುಳಿಗೆ ತಾಗಿದ್ದರೆ, ಆಸ್ಪತ್ರೆಯಲ್ಲೇ ಇಟ್ಟುಕೊಂಡು ಇಂಜೆಕ್ಷನ್ ಕೊಡುತ್ತಾರೆ. ಡೈಮರ್ಕಾಪ್ರಾಲ್ ಅಂತ ಒಂದು. ಅದನ್ನು ಕಡಲೆಕಾಯಿ ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಮಗುವಿಗೆ ಕಡಲೆಕಾಯಿ ಒಗ್ಗದಿದ್ದರೆ ಮೊದಲೇ ಹೇಳಿ. ಕ್ಯಾಲ್ಸಿಯಂ ಇಡಿಟಿಎ ಅಂತ ಇನ್ನೊಂದು. ಇವು ಜೀವ ಉಳಿಸುವ ಮದ್ದುಗಳು. ಆದರೆ ತಪ್ಪಾಗಿ ಕೊಟ್ಟರೆ ಕೆಡುಕೂ ಮಾಡುತ್ತವೆ. ವೈದ್ಯರ ಕಣ್ಣೆದುರೇ ನಡೆಯಬೇಕು.

ಇಲ್ಲಿ ಒಂದು ಮುಖ್ಯ ಮಾತು. ಹೊಟ್ಟೆಯಲ್ಲಿ ಗುಂಡು ಹಾಗೇ ಇದ್ದರೆ ಮದ್ದು ಒಂದೇ ಸಾಲದು. ಒಂದು ಕಡೆ ಮದ್ದು ಸೀಸವನ್ನು ಹೊರಗೆ ಹಾಕುತ್ತದೆ. ಇನ್ನೊಂದು ಕಡೆ ಗುಂಡು ಹೊಸ ಸೀಸ ಸೇರಿಸುತ್ತದೆ. ತೂತು ಮುಚ್ಚದೆ ದೋಣಿಯ ನೀರು ಮೊಗೆದರೆ ಏನು ಫಲ? ಅದಕ್ಕೇ ಮೊದಲು ಗುಂಡು ಹೊರಗೆ ಬರಬೇಕು.

ಮನೆಗೆ ಬಂದ ಮೇಲೆಯೂ ಕೆಲಸ ಇದೆ. ಸೀಸ ಮೂಳೆಯಲ್ಲಿ ಸೇರಿಕೊಂಡಿರುತ್ತದೆ. ಮದ್ದು ನಿಂತ ಮೇಲೆ ಅಲ್ಲಿಂದ ಮತ್ತೆ ರಕ್ತಕ್ಕೆ ಬರುತ್ತದೆ. ಆದ್ದರಿಂದ ಕೆಲವು ವಾರ ಆದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರು ಕೊಟ್ಟ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅದೇ ಮನೆಯ ಬೇರೆ ಮಕ್ಕಳ ಬಗ್ಗೆಯೂ ಕೇಳಿ. ಅವರೂ ಅದೇ ಗುಂಡುಗಳ ಜೊತೆ ಆಡಿರುತ್ತಾರೆ.

ಮಿದುಳಿಗೆ ಆದ ಹಾನಿ ಪೂರ್ತಿ ಹಿಂದಕ್ಕೆ ಬರುವುದು ಕಷ್ಟ. ಮದ್ದು ಇದೆ ಅಂತ ಮೈಮರೆಯುವ ಹಾಗಿಲ್ಲ. ನುಂಗದ ಹಾಗೆ ನೋಡಿಕೊಳ್ಳೋದೇ ಎಲ್ಲಕ್ಕಿಂತ ಮೇಲು.

ನಾವು ಏನು ಮಾಡಬಹುದು?

ಬಲೆ ಹೆಣೆಯುವಾಗ, ದುರಸ್ತಿ ಮಾಡುವಾಗ ಗುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿ ಮುಚ್ಚಳ ಹಾಕಿ. ಡಬ್ಬಿ ಮಗುವಿನ ಕೈಗೆ ಎಟುಕದ ಕಡೆ ಇರಲಿ. ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸ ಕೆಲವರಿಗೆ ಇದೆ. ಅದನ್ನು ಬಿಡಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟ ಮಾಡಬೇಕು, ಮಗುವನ್ನು ಎತ್ತಿಕೊಳ್ಳಬೇಕು.

ಸೀಸವನ್ನು ಮನೆಯ ಒಲೆಯಲ್ಲಿ ಕರಗಿಸಬೇಡಿ. ಹಳೆಯ ಬ್ಯಾಟರಿಯನ್ನು ಅಂಗಳದಲ್ಲಿ ಒಡೆಯಬೇಡಿ. ಅದರ ಹೊಗೆ, ಧೂಳೂ ವಿಷವೇ. ಬಸುರಿ ಹೆಂಗಸರಂತೂ ಹತ್ತಿರ ಸುಳಿಯಬಾರದು. ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯೊಳಗಿನ ಕೂಸಿಗೂ ಹೋಗುತ್ತದೆ.

ಪುಟ್ಟ ಮಗುವಿಗೆ ಅಗ್ಗದ ಲೋಹದ ಸರ, ಪದಕ ಹಾಕಬೇಡಿ. ಒಂದು ಕಪ್ಪು ದಾರ ಸಾಕು ಅನ್ನೋರಿಗೂ ನಮ್ಮದೊಂದು ಮಾತು. ದಾರದ ತುದಿಗೆ ಏನು ಕಟ್ಟಿದ್ದೀರಿ ನೋಡಿಕೊಳ್ಳಿ. ಮಗು ಅದನ್ನೇ ಚೀಪುತ್ತದೆ.

ಆಟಿಕೆ ಕೊಳ್ಳುವಾಗ ಡಬ್ಬಿಯ ಮೇಲೆ ಓದಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್ಐ ಗುರುತು ಇರಬೇಕು ಅಂತ ನಿಯಮ ಬಂದಿದೆ. ಕುಶಲಕರ್ಮಿಗಳು ಮಾಡುವ ಕೆಲವು ಆಟಿಕೆಗಳಿಗೆ ಮಾತ್ರ ರಿಯಾಯಿತಿ ಇದೆ. ಗುರುತು ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಓದು ಕಲಿತದ್ದು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಮಗು ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುತ್ತದೆಯಾ? ಬಸುರಿಯರಲ್ಲೂ ಕೆಲವರಿಗೆ ಬಳಪ, ಕೆಮ್ಮಣ್ಣು ತಿನ್ನುವ ಬಯಕೆ ಇರುತ್ತದೆ. ಬಹಳ ಸಲ ಇದರ ಹಿಂದೆ ರಕ್ತಹೀನತೆ ಇರುತ್ತದೆ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಹೇಳಿ. ಕಬ್ಬಿಣದ ಮಾತ್ರೆ ಕೊಡುತ್ತಾರೆ. ರಾಗಿ, ನುಗ್ಗೆಸೊಪ್ಪು, ಹೆಸರುಕಾಳು, ನೆಲ್ಲಿಕಾಯಿ, ಹಾಲು, ಮೊಟ್ಟೆ, ಮೀನು, ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಮಗುವಿಗೆ ಕೊಡಿ. ಹೊಟ್ಟೆ ತುಂಬಿದ, ರಕ್ತ ಚೆನ್ನಾಗಿರುವ ಮಗುವಿನ ದೇಹ ಸೀಸವನ್ನು ಕಡಿಮೆ ಹೀರುತ್ತದೆ. ಆದರೆ ಒಂದು ಎಚ್ಚರ. ಊಟ ಸೀಸಕ್ಕೆ ಮದ್ದಲ್ಲ. ನುಂಗಿದ ಮಗುವಿಗೆ ಆಸ್ಪತ್ರೆಯೇ ದಾರಿ.

ಇನ್ನೂ ಒಂದು ವಿಷಯ. ಮಗು ಏನೋ ನುಂಗಿತು ಅಂದರೆ ಮನೆಯವರೆಲ್ಲ ತಾಯಿಯನ್ನೇ ಬಯ್ಯುತ್ತಾರೆ. "ನೀನು ಎಲ್ಲಿದ್ದೆ? ಕಣ್ಣು ಎಲ್ಲಿತ್ತು?" ಈ ಬೈಗುಳಕ್ಕೆ ಹೆದರಿ ಎಷ್ಟೋ ಹೆಂಗಸರು ಸುಮ್ಮನಿದ್ದುಬಿಡುತ್ತಾರೆ. ಗಂಡನಿಗೆ, ಅತ್ತೆಗೆ ಗೊತ್ತಾಗದೆ ಹೋಗಲಿ ಅಂತ ರಾತ್ರಿ ಕಳೆಯುತ್ತಾರೆ. ಹಾಗೆ ಕಳೆದ ರಾತ್ರಿ ಮಗುವಿಗೆ ದುಬಾರಿ. ಮನೆಯ ಹಿರಿಯರಿಗೂ, ಗಂಡಸರಿಗೂ ಈ ಪಾಠ ಓದಿ ಹೇಳಿ. ಬಯ್ಯೋದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಬಯ್ಯಲಿ. ಮೊದಲು ಗಾಡಿ ಹತ್ತಲಿ.

ಬೆಂಗಳೂರಿನಲ್ಲಿ 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ತಡೆಯುವ ಬಗ್ಗೆ ದೊಡ್ಡ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಮರುವರ್ಷ, 2000ದಲ್ಲಿ, ನಮ್ಮ ದೇಶದಲ್ಲಿ ಪೆಟ್ರೋಲಿಗೆ ಸೀಸ ಬೆರೆಸೋದು ನಿಂತಿತು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಎಷ್ಟಿರಬಹುದು ಅಂತ 2017ರ ನವೆಂಬರಿನಿಂದ ಮಿತಿ ಬಂದಿದೆ. ಸರ್ಕಾರ ಮಾಡಬೇಕಾದ ಕೆಲಸ ಸರ್ಕಾರ ಮಾಡಬೇಕು. ಅದನ್ನು ನಾವು ಕೇಳುತ್ತಲೇ ಇರಬೇಕು. ಆದರೆ ನಮ್ಮ ಮಂಚದ ಕೆಳಗೆ ಉರುಳಿಹೋದ ಗುಂಡನ್ನು ಹೆಕ್ಕಬೇಕಾದವರು ನಾವೇ.

ಈಗ ನಿಮ್ಮ ಪುಸ್ತಕ ತೆಗೆಯಿರಿ. ಆ ಆರು ಸಾಲಿನ ಚೀಟಿಯನ್ನು ಒಂದು ಸಲ ಬರೆಯಿರಿ. ಉತ್ತರದ ಜಾಗ ಖಾಲಿ ಬಿಡಿ. ಕೆಳಗೆ 108 ಅಂತ ದೊಡ್ಡದಾಗಿ ಬರೆಯಿರಿ. ಮನೆಗೆ ಹೋಗಿ ಗೋಡೆಗೆ ಅಂಟಿಸಿ. ಅಕ್ಷರ ಬಾರದ ನೆರೆಮನೆಯವರಿಗೆ ಇನ್ನೊಂದು ಬರೆದುಕೊಡಿ. ಅದರಲ್ಲಿ ಏನಿದೆ ಅಂತ ಓದಿ ಹೇಳಿ.

ಬರೆದು ಮುಗಿಸಿದವರು ಓದಿ. ಎಲ್ಲರೂ ಕೇಳೋಣ.